ಬಡ ಬಾಲಕರಿಗೆ ತೆರೆದ ಬಾಗಿಲು

ಆಗಸ್ಟ್ 25ರಂದು ಧರ್ಮಸಭೆಯು ಸಂತ ಜೋಸೆಫ್ ಕಲಸಾನ್ಸರ ಹಬ್ಬವನ್ನು ಆಚರಿಸುತ್ತದೆ. 1948ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ಇವರನ್ನು ಕ್ರೈಸ್ತ ಜನಶಾಲೆಗಳ ಪಾಲಕರೆಂದು ಘೋಷಿಸಿದರು. ಆದರೂ ನಮ್ಮ ಕುಟುಂಬಗಳಲ್ಲಿ ಇವರ ಹೆಸರು ಕೇಳಿಬರುವುದು ವಿರಳ.

1592ರಲ್ಲಿ ಸ್ಪೇನಿನ ಈ ಗುರುಗಳು ರೋಮ್ ನಗರಕ್ಕೆ ಬಂದದ್ದು ಪ್ರಧಾನಾಲಯವೊಂದರಲ್ಲಿ ಪದವಿಯನ್ನು ಅರಸಿಕೊಂಡು. ಬಡವರ ಮನೆಗಳಿಗೆ ಭೇಟಿ ನೀಡುತ್ತಾ ಹೋದಂತೆ, ಅಕ್ಷರವಿಲ್ಲದೆ ಬೀದಿ ಅಲೆಯುತ್ತಿದ್ದ ಬಾಲಕರು ಅವರ ಕಣ್ಣಿಗೆ ಬಿದ್ದರು. ಶುಲ್ಕ ತೆರಲಾರದವರಿಗೆ ಶಾಲೆಯ ಬಾಗಿಲು ಮುಚ್ಚಿತ್ತು. 1597ರಲ್ಲಿ ಟೈಬರ್ ನದಿಯಾಚೆಯ ತ್ರಾಸ್ತೇವೆರೆಯಲ್ಲಿ, ಸಂತ ದೊರೊತೆಯಾ ದೇವಾಲಯದ ವಿಚಾರಣಾ ಗುರುಗಳ ನೆರವಿನಿಂದ, ಆ ದೇವಾಲಯದ ಕೋಣೆಗಳಲ್ಲೇ ಕಲಸಾನ್ಸರು ಉಚಿತ ಶಾಲೆಯನ್ನು ತೆರೆದರು. ಯುರೋಪಿನ ಮೊದಲ ಉಚಿತ ಜನಶಾಲೆ ಇದೆಂದು ಹಲವರು ಗೌರವಿಸುತ್ತಾರೆ.

ಓದು, ಬರಹ, ಲೆಕ್ಕ, ಧರ್ಮೋಪದೇಶ ಅಲ್ಲಿನ ಪಾಠಗಳು. ಸಂಜೆ ಶಾಲೆ ಬಿಟ್ಟಾಗ ಗುರುಗಳೇ ಬಾಲಕರನ್ನು ಸಾಲಾಗಿ ಮನೆಗೆ ಕರೆದೊಯ್ಯುತ್ತಿದ್ದರು. ಬಡವರ ಮಕ್ಕಳು ಓದಿದರೆ ಕೂಲಿ ಮಾಡುವವರಾರು ಎಂಬ ಆಕ್ಷೇಪವೂ ಎದ್ದಿತು. ಮನುಷ್ಯನನ್ನು ಅವನ ಉಪಯೋಗದಿಂದ ಅಳೆಯುವವರ ಪ್ರಶ್ನೆಯದು. ದೇವರ ಪ್ರತಿರೂಪವಾದ ಆತ್ಮವೊಂದು ಪ್ರತಿ ಮಗುವಿನಲ್ಲಿದೆ ಎಂದು ನಂಬಿದವನಿಗೆ ಆ ಪ್ರಶ್ನೆಯೇ ಹುಟ್ಟದು. 1612ರಲ್ಲಿ ಶಾಲೆ ಸಂತ ಪಂತಲೆಯೋ ದೇವಾಲಯದ ಬಳಿಗೆ ಸ್ಥಳಾಂತರಗೊಂಡಿತು. 1621ರಲ್ಲಿ ಅದರ ಗುರುಬಳಗವು ಧಾರ್ಮಿಕ ಸಭೆಯಾಗಿ ಅಂಗೀಕಾರ ಪಡೆಯಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧಸತ್ಯವಾದೀತು. 1629ರಲ್ಲಿ ನೇಪಲ್ಸ್ ಶಾಲೆಯ ಮುಖ್ಯಸ್ಥನಾಗಿದ್ದ ಸ್ತೆಫಾನೊ ಕೆರುಬಿನಿಯ ಮೇಲೆ ಬಾಲಕರನ್ನು ಕೆಡಿಸಿದ ದೂರು ಬಂತು. ಸಭೆಯ ಹೆಸರು ಕೆಡಬಾರದೆಂದು ಕಲಸಾನ್ಸರು ಅದನ್ನು ಮುಚ್ಚಿಟ್ಟು, ಆತನನ್ನು ಬೇರೆ ಹುದ್ದೆಗೆ ಕಳುಹಿಸಿದರು. ಮುಂದೆ 1643ರಲ್ಲಿ ವೃದ್ಧ ಸಂಸ್ಥಾಪಕರನ್ನು ಬದಿಗೆ ಸರಿಸಿ, ಅದೇ ಕೆರುಬಿನಿ ಸಭೆಯ ಆಡಳಿತವನ್ನು ಹಿಡಿದ. 1646ರಲ್ಲಿ ಹತ್ತನೆಯ ಇನ್ನೊಸೆಂಟ್ ಜಗದ್ಗುರುಗಳು ಸಭೆಯ ಸ್ಥಾನಮಾನವನ್ನೇ ರದ್ದುಪಡಿಸಿದರು. ಎರಡು ವರ್ಷಗಳ ಬಳಿಕ, ತಾವು ಕಟ್ಟಿದ್ದು ಮುರಿದುಬಿದ್ದಿರುವಾಗಲೇ ಕಲಸಾನ್ಸರು ತೀರಿಕೊಂಡರು. ಸಭೆ ಪೂರ್ಣವಾಗಿ ಮರುಸ್ಥಾಪನೆಗೊಂಡದ್ದು 1669ರಲ್ಲಿ. ಅವರು ಸಂತಪದವಿಗೇರಿದ್ದು 1767ರಲ್ಲಿ.

ಸಂತರ ಜೀವನದಲ್ಲಿಯೂ ತಪ್ಪುಗಳಿರುತ್ತವೆ. ಅದನ್ನು ಹೇಳುವುದು ಅವರಿಗೆ ಮಾಡುವ ಅವಮಾನವಲ್ಲ. ಮುಚ್ಚಿಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಸಂಸ್ಥೆಯ ಮಾನಕ್ಕಿಂತ ಮಗುವಿನ ಮಾನ ದೊಡ್ಡದೆಂಬುದನ್ನು ಅಂದು ಮರೆತದ್ದಕ್ಕೆ ಬೆಲೆ ತೆತ್ತವರು ಮೊದಲು ಆ ಬಾಲಕರೇ.

ಪ್ರಿಯ ತಂದೆತಾಯಿಯರೇ, ಚರ್ಚಿನ ಶಾಲೆ ಎಂಬ ಹೆಸರನ್ನು ನಂಬಿ ನೀವು ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸುತ್ತೀರಿ. ಆ ನಂಬಿಕೆ ನಮಗೆ ಸಂದ ಹಕ್ಕಲ್ಲ, ನಾವು ಹೊತ್ತ ಋಣ. ಮಗು ಅಂಜುತ್ತಾ ಏನನ್ನಾದರೂ ಹೇಳಿದರೆ ತಾಳ್ಮೆಯಿಂದ ಆಲಿಸಿರಿ. ನಮ್ಮನ್ನು ಪ್ರಶ್ನಿಸಲು ಹಿಂಜರಿಯಬೇಡಿರಿ. ಬಡವನ ಮಗನಿಗೆ ಬಾಗಿಲು ತೆರೆದ ಶಾಲೆಯೊಳಗೆ ಅವನು ನಿರ್ಭಯನಾಗಿ ಕುಳಿತಿರಲೂ ಬೇಕು. ಈ ಹಬ್ಬದಂದು ಅದೇ ನಮ್ಮೆಲ್ಲರ ಪ್ರಾರ್ಥನೆಯಾಗಲಿ.