ವಿಯೆಟ್ನಾಂ ಯೋಧರ ಕಾಯಿಲೆಗೆ ಹೆಸರು ಸಿಕ್ಕ ಬಗೆ

ಯುದ್ಧದಲ್ಲಿ ಮಡಿದವರಿಗೆ ಸ್ಮಾರಕವಿದೆ, ಗಾಯಗೊಂಡವರಿಗೆ ಆಸ್ಪತ್ರೆಯಿದೆ. ಮೈಮೇಲೆ ಒಂದು ಗೀರೂ ಇಲ್ಲದೆ ಮರಳಿ ಬಂದು, ಮನೆಯಲ್ಲಿ ನಿದ್ದೆಗೆಟ್ಟು ಕೂರುವ ಸೈನಿಕನಿಗೆ ಏನಿದೆ? ಅಮೆರಿಕದ ವೈದ್ಯಲೋಕ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷಗಳಾದ ಮೇಲೆ. ಆ ಉತ್ತರವನ್ನು ಬಹುಮಟ್ಟಿಗೆ ಹಟ ಹಿಡಿದು ಪಡೆದವರು ಮಾಜಿ ಸೈನಿಕರೇ ಎಂಬುದು ಗಮನಾರ್ಹ.

ವಿಯೆಟ್ನಾಂ ನೆಲದಲ್ಲಿ ಸೇವೆ ಸಲ್ಲಿಸಿದ ಅಮೆರಿಕನ್ನರ ಸಂಖ್ಯೆ ಸುಮಾರು 27 ಲಕ್ಷ. ಅವರಲ್ಲಿ 58 ಸಾವಿರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ಉಳಿದವರು ಮನೆಗೆ ಮರಳಿದ ರೀತಿ ಹಿಂದಿನ ಯುದ್ಧಗಳಿಗಿಂತ ಭಿನ್ನವಾಗಿತ್ತು. ಎರಡನೆಯ ಮಹಾಯುದ್ಧದ ಸೈನಿಕರಲ್ಲಿ ಹೆಚ್ಚಿನವರು ಹಡಗುಗಳಲ್ಲಿ, ಜೊತೆಗೆ ಹೋರಾಡಿದವರೊಂದಿಗೆ ಹಿಂದಿರುಗಿದ್ದರು. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸಾಗಿದ ಆ ಪಯಣದಲ್ಲಿ ಕಂಡದ್ದನ್ನು ಮಾತಾಡಿಕೊಳ್ಳಲು, ಸತ್ತ ಗೆಳೆಯರನ್ನು ನೆನೆದು ಅಳಲು ಅವಕಾಶವಿತ್ತು. ವಿಯೆಟ್ನಾಂನಲ್ಲಿ ಪ್ರತಿಯೊಬ್ಬನಿಗೂ ಪ್ರತ್ಯೇಕ ಅವಧಿ ನಿಗದಿಯಾಗಿತ್ತು: ಭೂಸೇನೆಯವರಿಗೆ 12 ತಿಂಗಳು, ಮರೀನ್ ದಳದವರಿಗೆ 13 ತಿಂಗಳು. ಗಡುವು ಮುಗಿದ ದಿನ ಸೈನಿಕ ತನ್ನ ತುಕಡಿಯನ್ನು ಕಾಡಿನಲ್ಲೇ ಬಿಟ್ಟು, ಅಪರಿಚಿತರ ನಡುವೆ ವಿಮಾನ ಏರುತ್ತಿದ್ದ. ಎರಡು ಮೂರು ದಿನಗಳೊಳಗೆ ಗುಂಡಿನ ಮೊರೆತದಿಂದ ತನ್ನೂರಿನ ಬೀದಿಗೆ ಬಂದು ನಿಲ್ಲುತ್ತಿದ್ದ.

ಊರಿನಲ್ಲಿ ಅವನ ಮಾತು ಕೇಳುವವರು ವಿರಳ. ಯುದ್ಧದ ನ್ಯಾಯಾನ್ಯಾಯದ ಬಗ್ಗೆ ದೇಶವೇ ಇಬ್ಭಾಗವಾಗಿತ್ತು. ವಿರೋಧಿಗಳಿಗೆ ಅವನು ತಪ್ಪು ಯುದ್ಧದ ಗುರುತಾಗಿದ್ದರೆ, ಮಿಕ್ಕವರಿಗೆ ಮರೆಯಬೇಕಾದ ಸಂಗತಿಯಾಗಿದ್ದ.

ಪಟ್ಟಿಯಿಂದ ಮಾಯವಾದ ಕಾಯಿಲೆ

ಪಟಾಕಿ ಸಿಡಿದರೆ ನೆಲಕ್ಕೆ ಬೀಳುವುದು, ಬಾಗಿಲಿಗೆ ಬೆನ್ನು ಕೊಟ್ಟು ಕೂರಲು ಹೆದರುವುದು, ರಾತ್ರಿ ಬೆವತು ಎಚ್ಚರಗೊಳ್ಳುವುದು, ಕಾರಣವಿಲ್ಲದೆ ಸಿಟ್ಟಾಗುವುದು, ಹೆಂಡತಿ ಮಕ್ಕಳ ನಡುವೆ ಇದ್ದೂ ದೂರವಾಗುವುದು, ಕುಡಿತಕ್ಕೆ ಶರಣಾಗುವುದು. ಈ ಲಕ್ಷಣಗಳು ಹೊಸವೇನಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆಬಡಿತ, ಎದೆನೋವು, ಆಯಾಸಗಳನ್ನು ಕಂಡ ವೈದ್ಯ ಜೇಕಬ್ ಡ ಕೋಸ್ಟಾ 1871ರಲ್ಲಿ ಆ ಬಗ್ಗೆ ಬರೆದರು. ಅದು ಮುಂದೆ ‘ಸೈನಿಕನ ಹೃದಯ’ ಎಂದು ಹೆಸರಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟನ್ನಿನ ಚಾರ್ಲ್ಸ್ ಮಯರ್ಸ್ ಅವರ ಲೇಖನದ ಮೂಲಕ ‘ಶೆಲ್ ಶಾಕ್’ ಎಂಬ ಪದ ವೈದ್ಯಲೋಕಕ್ಕೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಇದನ್ನು ‘ಯುದ್ಧದ ದಣಿವು’ ಎಂದರು. ಪ್ರತಿ ಯುದ್ಧವೂ ಒಂದು ಹೆಸರು ಕೊಟ್ಟಿತು. ಶಾಂತಿ ಬಂದೊಡನೆ ಅದು ಮರೆವಿಗೆ ಸಂದಿತು.

ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಪ್ರಕಟಿಸಿದ ಕಾಯಿಲೆಗಳ ಕೈಪಿಡಿಯಲ್ಲಿ ತೀವ್ರ ಒತ್ತಡದ ಪ್ರತಿಕ್ರಿಯೆಗೆ ಒಂದು ಸ್ಥಾನವಿತ್ತು. ಅದನ್ನೂ ತಾತ್ಕಾಲಿಕ ಸ್ಥಿತಿಯೆಂದೇ ಎಣಿಸಲಾಗಿತ್ತು. 1968ರ ಎರಡನೆಯ ಆವೃತ್ತಿಯಲ್ಲಿ ಅದೂ ಕಾಣೆಯಾಯಿತು. ವಿಯೆಟ್ನಾಂ ಕದನ ತಾರಕಕ್ಕೇರಿದ್ದ ವರ್ಷವೇ ಅದು. ಪರಿಣಾಮವಾಗಿ, ಆಸ್ಪತ್ರೆಗೆ ಬಂದ ಮಾಜಿ ಸೈನಿಕನ ಕಡತದಲ್ಲಿ ಸ್ಕಿಜೋಫ್ರೇನಿಯಾ, ಕುಡಿತದ ಚಟ, ಸ್ವಭಾವದೋಷ ಇತ್ಯಾದಿ ದಾಖಲಾಗುತ್ತಿತ್ತು. ಕಾಯಿಲೆಗೂ ಯುದ್ಧಕ್ಕೂ ನಂಟಿದೆ ಎಂದು ಒಪ್ಪಿಕೊಳ್ಳದ ಮೇಲೆ ಸರಿಯಾದ ಚಿಕಿತ್ಸೆಯಾಗಲಿ, ಪರಿಹಾರಧನವಾಗಲಿ ದೊರೆಯುವುದು ಕಷ್ಟವಾಗಿತ್ತು.

ಒಟ್ಟಿಗೆ ಕುಳಿತು ಮಾತು

1970ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ, ಯುದ್ಧವನ್ನು ವಿರೋಧಿಸುತ್ತಿದ್ದ ಮಾಜಿ ಸೈನಿಕರು ತಮ್ಮೊಳಗೇ ಮಾತುಕತೆಯ ಕೂಟಗಳನ್ನು ಆರಂಭಿಸಿದರು. ಮನೋವೈದ್ಯರಾದ ರಾಬರ್ಟ್ ಜೇ ಲಿಫ್ಟನ್ ಮತ್ತು ಖೈಮ್ ಶಟಾನ್ ಅವರನ್ನು ಅಲ್ಲಿಗೆ ಬರಮಾಡಿಕೊಂಡರು. ಸೈನಿಕರು ತಾವು ಕಂಡದ್ದನ್ನು ಮಾತ್ರವಲ್ಲದೆ, ತಾವೇ ಮಾಡಿದ್ದನ್ನೂ ಹೇಳಿಕೊಂಡರು. 1972ರಲ್ಲಿ ಶಟಾನ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಈ ಸ್ಥಿತಿಯನ್ನು ಕುರಿತು ಲೇಖನ ಬರೆದರು. ಬಾಸ್ಟನ್ನಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಸಮಾಜಕಾರ್ಯಕರ್ತೆ ಸಾರಾ ಹೇಲಿ, ರೋಗಿ ಹೇಳುವ ಘೋರ ಕೃತ್ಯಗಳ ವೃತ್ತಾಂತವನ್ನು ಭ್ರಮೆಯೆಂದು ತಳ್ಳಿಹಾಕದೆ ಕೇಳಬೇಕೆಂದು 1974ರಲ್ಲಿ ಪ್ರತಿಪಾದಿಸಿದರು.

ಕೈಪಿಡಿಯ ಮೂರನೆಯ ಆವೃತ್ತಿ ಸಿದ್ಧವಾಗುತ್ತಿದ್ದಾಗ ಇವರೆಲ್ಲ ಸೇರಿ ಪುರಾವೆಗಳನ್ನು ಮುಂದಿಟ್ಟರು. 1980ರಲ್ಲಿ ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಅಧಿಕೃತವಾಗಿ ಪಟ್ಟಿ ಸೇರಿತು. ಈ ಹೆಸರಿನಿಂದ ಆದ ಮುಖ್ಯ ಬದಲಾವಣೆಯೆಂದರೆ, ನರಳಾಟಕ್ಕೆ ಕಾರಣ ಮನುಷ್ಯನ ಪುಕ್ಕಲುತನ ಎಂಬ ಭಾವನೆ ಹಿಂದೆ ಸರಿದು, ಅವನು ಹಾದುಬಂದ ಘಟನೆ ಮುಂದೆ ಬಂತು.

ಅಂಕಿಅಂಶ ಹೇಳುವುದೇನು?

ಅಮೆರಿಕದ ಸಂಸತ್ತಿನ ಆದೇಶದಂತೆ ನಡೆದು 1988ರಲ್ಲಿ ಮುಗಿದ ಅಧ್ಯಯನದ ಪ್ರಕಾರ, ವಿಯೆಟ್ನಾಂನಲ್ಲಿದ್ದ ಪುರುಷರಲ್ಲಿ ಶೇ. 15ರಷ್ಟು ಮಂದಿಗೆ ಆಗಲೂ ಈ ಕಾಯಿಲೆಯಿತ್ತು. ಜೀವನದಲ್ಲಿ ಒಮ್ಮೆಯಾದರೂ ಅನುಭವಿಸಿದವರು ಸುಮಾರು ಶೇ. 31. 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಮರುಪರಿಶೀಲನೆ ಈ ಅಂಕಿಗಳನ್ನು ಕ್ರಮವಾಗಿ ಶೇ. 9 ಮತ್ತು ಶೇ. 19ರ ಆಸುಪಾಸಿಗೆ ಇಳಿಸಿತು. ಆದರೂ, ಯುದ್ಧ ಮುಗಿದು ನಾಲ್ಕು ದಶಕಗಳ ನಂತರ ಸುಮಾರು 2.71 ಲಕ್ಷ ಮಂದಿ ಇನ್ನೂ ಬಳಲುತ್ತಿದ್ದಾರೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು.

ಇದೇ ಅಂಕಿಗಳಿಗೆ ಇನ್ನೊಂದು ಮುಖವಿದೆ. ಮರಳಿ ಬಂದವರಲ್ಲಿ ಬಹುಪಾಲು ಜನ ದುಡಿದು, ಸಂಸಾರ ನಡೆಸಿ, ಎಲ್ಲರಂತೆ ಬಾಳಿದರು. 1976ರ ‘ಟ್ಯಾಕ್ಸಿ ಡ್ರೈವರ್’ನಂತಹ ಚಿತ್ರಗಳು ಬಿಂಬಿಸಿದ ಮತಿಗೆಟ್ಟ ಹಿಂಸಾಪ್ರಿಯನ ಚಿತ್ರ ಅವರಿಗೆ ಅಂಟಿಕೊಂಡಿತಷ್ಟೆ. ಸಂಶೋಧಕಿ ಲೀ ರಾಬಿನ್ಸ್ ಅವರ ಅಧ್ಯಯನ ಇನ್ನೂ ಅಚ್ಚರಿಯದು. ವಿಯೆಟ್ನಾಂನಲ್ಲಿ ಹೆರಾಯಿನ್ ಚಟ ಹತ್ತಿಸಿಕೊಂಡು 1971ರಲ್ಲಿ ಮರಳಿದ ಸೈನಿಕರಲ್ಲಿ, ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಪರಿಸರ ಬದಲಾದರೆ ಮನುಷ್ಯನೂ ಚೇತರಿಸಿಕೊಳ್ಳಬಲ್ಲ ಎಂಬುದಕ್ಕೆ ಇದೊಂದು ಸಾಕ್ಷ್ಯ.

ಸಮಾಜದ ಸ್ವಾಗತವೂ ತಡವಾಗಿಯೇ ಬಂತು. ಮಾಜಿ ಸೈನಿಕರು ಮುಂದೆ ನಿಂತು ಸಾರ್ವಜನಿಕರಿಂದ ಹಣ ಕೂಡಿಸಿ ಕಟ್ಟಿಸಿದ ಸ್ಮಾರಕ ಗೋಡೆ ವಾಷಿಂಗ್ಟನ್ನಿನಲ್ಲಿ 1982ರ ನವೆಂಬರ್‌ನಲ್ಲಿ ಸಮರ್ಪಿತವಾಯಿತು. ಅದರ ವಿನ್ಯಾಸ ಆಯ್ಕೆಯಾದಾಗ ಮಾಯಾ ಲಿನ್ 21 ವರ್ಷದ ವಿದ್ಯಾರ್ಥಿನಿ. ಮಡಿದವರ ಹೆಸರುಗಳನ್ನು ಕೆತ್ತಿದ ಆ ಕಪ್ಪು ಕಲ್ಲಿನ ಮುಂದೆ ನಿಂತು, ಗೆಳೆಯನ ಹೆಸರನ್ನು ಬೆರಳಿನಿಂದ ಸವರಿ ಅತ್ತವರು ಅಸಂಖ್ಯ. ನ್ಯೂಯಾರ್ಕ್ ನಗರ ಅವರಿಗೆ ಮೆರವಣಿಗೆಯ ಗೌರವ ನೀಡಿದ್ದು 1985ರಲ್ಲಿ.

ಸೈನಿಕರು ಹೋರಾಡಿ ಪಡೆದ ಹೆಸರು ಇಂದು ಅತ್ಯಾಚಾರ, ಅಪಘಾತ, ಭೂಕಂಪಗಳಿಂದ ಬದುಕುಳಿದವರ ಚಿಕಿತ್ಸೆಗೂ ಆಧಾರವಾಗಿದೆ. 1979ರಲ್ಲಿ ಅಮೆರಿಕದ ಸರ್ಕಾರ ಮಾಜಿ ಸೈನಿಕರಿಗಾಗಿ ಊರೂರಿನಲ್ಲಿ ತೆರೆಯತೊಡಗಿದ ಆಪ್ತಸಮಾಲೋಚನಾ ಕೇಂದ್ರಗಳು ಈಗ ಸುಮಾರು ಮುನ್ನೂರು. ಅಲ್ಲಿ ಎದುರು ಕುಳಿತು ಕೇಳುವವರಲ್ಲಿ ಅನೇಕರು ಸ್ವತಃ ಯುದ್ಧದಿಂದ ಮರಳಿದವರೇ.