ಕಾರ್ಖಾನೆಯ ಬಾಗಿಲಲ್ಲಿರುವ ಮಾಜಿ ಸೈನಿಕ ಮತ್ತು ಅವರ ಕಡತ

ನಮ್ಮ ಕೈಗಾರಿಕಾ ವಸಾಹತುಗಳಲ್ಲಿ ಭದ್ರತಾ ಸಿಬ್ಬಂದಿಯಾಗಿ, ಉಗ್ರಾಣ ಪಾಲಕರಾಗಿ, ವಾಹನ ಚಾಲಕರಾಗಿ ದುಡಿಯುತ್ತಿರುವವರಲ್ಲಿ ಮಾಜಿ ಸೈನಿಕರ ಸಂಖ್ಯೆ ಕಡಿಮೆಯೇನಲ್ಲ. ಭೂಸೇನೆಯ ಜವಾನನಿಗೆ ಪಿಂಚಣಿ ದೊರೆಯಲು ಕನಿಷ್ಠ 15 ವರ್ಷಗಳ ಅರ್ಹ ಸೇವೆ ಬೇಕು. ಹದಿನೆಂಟು ಇಪ್ಪತ್ತರ ವಯಸ್ಸಿಗೆ ಸೇರಿದ ಯುವಕನು ನಲವತ್ತರ ಆಸುಪಾಸಿನಲ್ಲಿಯೇ ನಿವೃತ್ತನಾಗುತ್ತಾನೆ. ಮಕ್ಕಳ ವಿದ್ಯಾಭ್ಯಾಸ, ಮನೆ ಕಟ್ಟುವ ಕೆಲಸ ಎಲ್ಲವೂ ಆಗ ತಾನೇ ಆರಂಭವಾಗಿರುತ್ತವೆ. ಆದುದರಿಂದ ಎರಡನೆಯ ಉದ್ಯೋಗ ಅವರಿಗೆ ಅನಿವಾರ್ಯ.

ಇಂಥವರನ್ನು ನೇಮಿಸಿಕೊಳ್ಳುವ ಉದ್ಯಮಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ‘ಅವರಿಗೆ ಪಿಂಚಣಿ ಬರುತ್ತದೆಯಲ್ಲ’ ಎಂಬ ಕಾರಣದಿಂದ ಕನಿಷ್ಠ ವೇತನಕ್ಕಿಂತ ಕಡಿಮೆ ಸಂಬಳ ನಿಗದಿಪಡಿಸುವುದು, ಭವಿಷ್ಯನಿಧಿಯಿಂದ ಹೊರಗಿಡುವುದು ಕೆಲವೆಡೆ ರೂಢಿಯಾಗಿದೆ. ಕಾನೂನಿನ ದೃಷ್ಟಿಯಲ್ಲಿ ಇದಕ್ಕೆ ಆಧಾರವಿಲ್ಲ. ಪಿಂಚಣಿ ಎಂಬುದು ಹಿಂದಿನ ಸೇವೆಯ ಫಲ. ಇಂದಿನ ದುಡಿಮೆಯ ವೇತನದಲ್ಲಿ ಅದನ್ನು ಕಳೆದು ಲೆಕ್ಕ ಹಾಕಲು ಬರುವುದಿಲ್ಲ. ಹಾಗೆಯೇ ಖಾಸಗಿ ಸಂಸ್ಥೆಯೊಂದನ್ನು ಸೇರಿದ ಮಾತ್ರಕ್ಕೆ ಜವಾನರ ಪಿಂಚಣಿ ನಿಂತುಹೋಗುವುದೂ ಇಲ್ಲ. ಈ ಭಯದಿಂದ ತಮ್ಮ ಹಿಂದಿನ ಸೇವೆಯ ವಿವರವನ್ನೇ ಮುಚ್ಚಿಡುವವರಿದ್ದಾರೆ.

ಆದರೆ ನಿಜವಾದ ತೊಡಕು ಬೇರೆಡೆ ಇದೆ. ಮಾಜಿ ಸೈನಿಕರಿಗಾಗಿ ಸರಕಾರದ ಸವಲತ್ತುಗಳಿಗೆ ಕೊರತೆಯಿಲ್ಲ. ಅವು ಕೈಗೆ ಬಾರದಿರುವುದಕ್ಕೆ ಬಹುತೇಕ ಸಂದರ್ಭಗಳಲ್ಲಿ ಕಾರಣ, ಕಾಗದಪತ್ರಗಳಲ್ಲಿರುವ ಹೆಸರು ಮತ್ತು ಜನ್ಮ ದಿನಾಂಕಗಳ ವ್ಯತ್ಯಾಸ. ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಉತ್ತರ ಕರ್ನಾಟಕದ ಹವಾಲ್ದಾರರೊಬ್ಬರ ಹೆಸರು ಸೇನೆಯ ದಾಖಲೆಯಲ್ಲಿ ತಂದೆಯ ಹೆಸರು ಮತ್ತು ಮನೆತನದ ಹೆಸರುಗಳೊಡನೆ ಪೂರ್ಣವಾಗಿದೆ. ಆಧಾರ್‌ನಲ್ಲಿ ಬರಿಯ ಮೊದಲಕ್ಷರಗಳಿವೆ. ಮದುವೆಯ ನಂತರ ಪತ್ನಿಯ ಹೆಸರನ್ನು ಗಂಡನ ಮನೆಯಲ್ಲಿ ಬದಲಾಯಿಸಿದ್ದಾರೆ. ಸೇನೆಯ ದಾಖಲೆಯಲ್ಲಿ ಇರುವುದು ತವರಿನ ಹೆಸರು, ಪಡಿತರ ಚೀಟಿಯಲ್ಲಿ ಹೊಸ ಹೆಸರು. ಹವಾಲ್ದಾರರು ಬದುಕಿರುವತನಕ ಇದು ಯಾರ ಗಮನಕ್ಕೂ ಬರುವುದಿಲ್ಲ. ಅವರು ತೀರಿಕೊಂಡ ಮೇಲೆ, ಕೊನೆಯ ವೇತನದ ಶೇ. 30ರ ದರದಲ್ಲಿ ದೊರೆಯಬೇಕಾದ ಸಾಮಾನ್ಯ ಕುಟುಂಬ ಪಿಂಚಣಿಗಾಗಿ ಅರ್ಜಿ ಹಾಕಿದಾಗ, ತಾನೇ ಆ ಹೆಂಡತಿ ಎಂದು ರುಜುವಾತುಪಡಿಸುವ ಹೊಣೆ ವಿಧವೆಯ ತಲೆಯ ಮೇಲೆ ಬೀಳುತ್ತದೆ. ಮನೆಯಲ್ಲಿ ಆದಾಯ ನಿಂತಿರುವ ತಿಂಗಳುಗಳಲ್ಲಿಯೇ ಈ ಅಲೆದಾಟ.

ತಿದ್ದುಪಡಿಗೆ ಮಾರ್ಗವಿದೆ, ತಾಳ್ಮೆ ಬೇಕು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಪಾವತಿ ಆದೇಶ, ಆಧಾರ್, ವಿವಾಹದ ದಾಖಲೆ, ಪ್ರಮಾಣ ಪತ್ರ, ದಂಪತಿಗಳ ಜಂಟಿ ಭಾವಚಿತ್ರ ಇವುಗಳೊಂದಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಆಯಾ ದಳದ ದಾಖಲೆ ಕಚೇರಿಗೆ ಅರ್ಜಿ ಕಳುಹಿಸಬೇಕು. ಯಾವ ದಾಖಲೆ ಕಚೇರಿ ಎಂಬುದು ಇಲ್ಲಿ ಮುಖ್ಯ. ಮರಾಠಾ ಲಘು ಪದಾತಿದಳದವರಿಗೆ ಅದು ಬೆಳಗಾವಿಯಲ್ಲಿಯೂ ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿಯೂ ಇದೆ. ಫಿರಂಗಿದಳದವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ನವರಿಗೆ ಜಬಲ್ಪುರ, ಇ.ಎಂ.ಇ.ಯವರಿಗೆ ಸಿಕಂದರಾಬಾದ್. ದಾಖಲೆ ಕಚೇರಿಯ ಶಿಫಾರಸಿನ ಮೇಲೆ ಪ್ರಯಾಗರಾಜ್‌ನ ಪ್ರಧಾನ ರಕ್ಷಣಾ ಲೆಕ್ಕಪತ್ರ ನಿಯಂತ್ರಕರು ತಿದ್ದುಪಡಿ ಆದೇಶ ಹೊರಡಿಸುತ್ತಾರೆ. ಇದೇ ತಿದ್ದುಪಡಿ ಇಲ್ಲದಿದ್ದರೆ, 2003ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆಯಲ್ಲಿ ಪತ್ನಿ ಮತ್ತು ಅವಲಂಬಿತರ ಕಾರ್ಡು ಪಡೆಯುವುದೂ ಕಷ್ಟವಾಗುತ್ತದೆ.

ಎರಡನೆಯದು ಜೀವನ ಪ್ರಮಾಣ ಪತ್ರ. ಹಿಂದೆ ಬ್ಯಾಂಕಿನ ಗುಮಾಸ್ತರಿಗೆ ಮುಖ ತೋರಿಸಿದರೆ ಸಾಕಾಗುತ್ತಿತ್ತು. ರಕ್ಷಣಾ ಪಿಂಚಣಿಗಳು ‘ಸ್ಪರ್ಶ್’ ಎಂಬ ಗಣಕೀಕೃತ ವ್ಯವಸ್ಥೆಗೆ ವರ್ಗಾವಣೆಯಾದ ಮೇಲೆ ಗುರುತಿನ ದೃಢೀಕರಣ ಆ ವ್ಯವಸ್ಥೆಯಲ್ಲಿಯೇ ದಾಖಲಾಗಬೇಕು. 2022ರ ಏಪ್ರಿಲ್ ತಿಂಗಳಲ್ಲಿ ಐವತ್ತೆಂಟು ಸಾವಿರಕ್ಕೂ ಹೆಚ್ಚು ಪಿಂಚಣಿದಾರರಿಗೆ ಹಣ ಜಮೆಯಾಗದೆ ಹೋಯಿತು. ಅವರ ವಾರ್ಷಿಕ ಗುರುತು ದೃಢಪಟ್ಟಿರಲಿಲ್ಲ ಎಂಬುದೇ ಕಾರಣ. ಮೇ 25ರವರೆಗೆ ವಿಶೇಷ ವಿನಾಯಿತಿ ನೀಡಿ ಸರಕಾರ ಹಣ ಬಿಡುಗಡೆ ಮಾಡಿತು. ಡಿಜಿಟಲ್ ಜೀವನ ಪ್ರಮಾಣ ಪತ್ರ 2014ರ ನವೆಂಬರ್‌ನಿಂದಲೇ ಇದೆ, ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು. ಆದರೆ ಪಿಂಚಣಿ ವಿತರಿಸುವ ಸಂಸ್ಥೆ ಯಾವುದೆಂದು ಕೇಳಿದಾಗ ಸ್ಪರ್ಶ್ ಎಂದು ಆರಿಸುವ ಬದಲು ಹಳೆಯ ಅಭ್ಯಾಸದಂತೆ ಬ್ಯಾಂಕಿನ ಹೆಸರನ್ನು ಆರಿಸಿದರೆ ಪ್ರಮಾಣ ಪತ್ರ ಬೇರೆಲ್ಲಿಗೋ ಹೋಗುತ್ತದೆ. ಪಿಂಚಣಿದಾರರು ಕೆಲಸ ಮುಗಿಯಿತೆಂದು ನಿಶ್ಚಿಂತರಾಗಿರುತ್ತಾರೆ.

ಸಣ್ಣ ಉದ್ದಿಮೆಯೊಂದರ ಕಚೇರಿಯಲ್ಲಿ ಗಣಕಯಂತ್ರವಿರುತ್ತದೆ, ಜಿ.ಎಸ್.ಟಿ. ವಿವರಣೆ ತುಂಬುವ ಗುಮಾಸ್ತರಿರುತ್ತಾರೆ. ವರ್ಷಕ್ಕೊಮ್ಮೆ, ನವೆಂಬರ್‌ನಲ್ಲಿ, ಅರ್ಧ ತಾಸು ಅವರ ನೆರವು ಕೊಟ್ಟರೆ ಈ ಕೆಲಸ ಮುಗಿಯುತ್ತದೆ. ದಾಖಲೆ ತಿದ್ದುಪಡಿಗೆ ಸೈನಿಕ ಕಲ್ಯಾಣ ಕಚೇರಿಗೆ ಹೋಗಲು ಒಂದು ದಿನದ ಸಂಬಳ ಸಹಿತ ರಜೆ ಬೇಕಾಗುತ್ತದೆ. ಈ ಕಚೇರಿ ಎಲ್ಲ ಜಿಲ್ಲೆಗಳಲ್ಲಿ ಇಲ್ಲದಿರುವುದರಿಂದ ಪಕ್ಕದ ಜಿಲ್ಲೆಗೆ ಪ್ರಯಾಣ ಮಾಡಬೇಕಾದೀತು. ಉದ್ಯಮಿಗೆ ತಗಲುವ ಖರ್ಚು ಇಷ್ಟೇ. ಗುಪ್ತಪದ ಮತ್ತು ಬ್ಯಾಂಕ್ ವಿವರಗಳನ್ನು ಮಾತ್ರ ಪಿಂಚಣಿದಾರರೇ ಇಟ್ಟುಕೊಳ್ಳಬೇಕು. ಗುಮಾಸ್ತರ ಟಿಪ್ಪಣಿ ಪುಸ್ತಕದಲ್ಲಿ ಅವು ಇರಕೂಡದು.

ಮಕ್ಕಳು ವೃತ್ತಿಪರ ಪದವಿ ತರಗತಿಗೆ ಸೇರಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. 2019ರಲ್ಲಿ ಇದನ್ನು ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿಗಳಿಗೆ ಏರಿಸಲಾಯಿತು. ಅರ್ಜಿಯ ಅವಧಿ ತಪ್ಪಿಹೋಗುವುದೇ ಹೆಚ್ಚು.

ಪಿಂಚಣಿಯೇ ಇಲ್ಲದ ಮಾಜಿ ಸೈನಿಕರೂ ಇದ್ದಾರೆಂಬುದನ್ನು ಅನೇಕರು ಬಲ್ಲವರಲ್ಲ. ಅರ್ಹ ಸೇವೆ ಪೂರೈಸುವ ಮೊದಲೇ ಹೊರಬಂದವರು ಇವರು. ಇವರಲ್ಲಿ ಹವಾಲ್ದಾರ್ ಹಾಗೂ ಕೆಳಗಿನ ಶ್ರೇಣಿಯ, 65 ವರ್ಷ ದಾಟಿದ, ನಿಯತ ಆದಾಯವಿಲ್ಲದವರಿಗೆ ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ಮಾಸಿಕ ನೆರವು ಸಲ್ಲುತ್ತದೆ. 4,000 ರೂಪಾಯಿಗಳಷ್ಟಿದ್ದ ಈ ನೆರವನ್ನು 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000ಕ್ಕೆ ಏರಿಸಲಾಗಿದೆ. ಈ ನಿಧಿಗೆ ಹಣ ಬರುವುದು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ. ಡಿಸೆಂಬರ್ 7ರಂದು ಅಂಗಡಿಗೆ ಬರುವ ಪುಟ್ಟ ಬಾವುಟಕ್ಕೆ ವರ್ತಕರು ಗಲ್ಲೆಯಿಂದ ತೆಗೆದುಕೊಡುವ ಹಣ ಸೇರುವುದೂ ಅಲ್ಲಿಗೇ.