ಬೇನೆಗೆ ಮೊದಲೇ ಗರ್ಭಪೊರೆ ಒಡೆಯುವುದು: ಅದರ ನಿರ್ಣಯ

'ನೀರು ಹೋಯಿತು' ಎಂದು ಹೇಳುತ್ತ ಬರುವ ಗರ್ಭಿಣಿಯ ಮಾತನ್ನು ವೈದ್ಯರು ಎಷ್ಟರಮಟ್ಟಿಗೆ ಪ್ರಮಾಣವೆಂದು ಗ್ರಹಿಸಬೇಕು? ಹೆರಿಗೆಯ ಬೇನೆ ತೊಡಗುವ ಮೊದಲೇ ಪೊರೆಗಳು ಒಡೆದು ಗರ್ಭಜಲವು ಸೋರುವುದು ದಿನ ತುಂಬಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಯಲ್ಲಿ ಕಂಡುಬರುತ್ತದೆ. 37 ವಾರಗಳಿಗೆ ಮುಂಚೆಯೇ ಹೀಗಾದಲ್ಲಿ ನಿರ್ಣಯದ ಹೊಣೆ ಇನ್ನೂ ಹೆಚ್ಚು. ಪೊರೆ ಒಡೆದಿಲ್ಲವೆಂದು ತಪ್ಪಾಗಿ ತಿಳಿದು ಮನೆಗೆ ಕಳುಹಿಸಿದರೆ ಗರ್ಭಾಶಯಕ್ಕೆ ಸೋಂಕು ಏರಬಹುದು. ಒಡೆದಿದೆಯೆಂದು ತಪ್ಪಾಗಿ ನಂಬಿದರೆ ಬಲಿಯದ ಶಿಶುವನ್ನು ಅಕಾರಣವಾಗಿ ಹೊರತರುವ ಪ್ರಸಂಗ ಒದಗಬಹುದು.

ನೀರು ಒಮ್ಮೆಲೇ ಧಾರೆಯಾಗಿ ಹೋದುದಾದರೆ ಸಂದೇಹಕ್ಕೆ ಎಡೆ ಕಡಿಮೆ. ತೊಡಕಿರುವುದು ಬಟ್ಟೆ ಆಗಾಗ ಒದ್ದೆಯಾಗುವವರಲ್ಲಿ. ತಿಂಗಳು ತುಂಬುತ್ತ ಬಂದಂತೆ ಮೂತ್ರ ತಾನಾಗಿ ಜಿನುಗುವುದೂ ಬಿಳಿಯ ಸ್ರಾವ ಹೆಚ್ಚುವುದೂ ಉಂಟಷ್ಟೆ. ಇಂಥಲ್ಲಿ ಕಣ್ಣಾರೆ ಕಾಣುವುದೇ ನಿರ್ಣಯಕ್ಕೆ ಆಧಾರವೆಂಬುದು ನಮ್ಮ ಅಭಿಪ್ರಾಯ. ಕ್ರಿಮಿಶುದ್ಧವಾದ ಸ್ಪೆಕ್ಯುಲಮ್ ಇಟ್ಟು, ಗರ್ಭಕಂಠದಿಂದ ದ್ರವ ಇಳಿಯುತ್ತಿದೆಯೇ, ಯೋನಿಯ ಹಿಂಭಾಗದ ಕುಳಿಯಲ್ಲಿ ನಿಂತಿದೆಯೇ ಎಂದು ನೋಡತಕ್ಕದ್ದು. ಕಾಣದಿದ್ದರೆ ಕೆಮ್ಮಲು ಹೇಳಬೇಕು; ಕೆಲಕಾಲ ಮಲಗಿಸಿ ಮತ್ತೊಮ್ಮೆ ನೋಡಬೇಕು. ಬೇನೆ ಇಲ್ಲದಿರುವಾಗ ಬೆರಳಿನಿಂದ ಪರೀಕ್ಷಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಅದರಿಂದ ತಿಳಿಯುವುದು ಅಲ್ಪ. ಸೋಂಕಿನ ಅಪಾಯವೋ ಏರುತ್ತದೆ, ಹೆರಿಗೆಯವರೆಗೆ ದೊರೆಯಬಹುದಾಗಿದ್ದ ಅವಧಿಯೂ ಕುಗ್ಗುತ್ತದೆ.

ಗರ್ಭಿಣಿಯ ಯೋನಿಸ್ರಾವವು ಸಹಜವಾಗಿ ಆಮ್ಲೀಯ, ಪಿಎಚ್ ಸುಮಾರು 3.8ರಿಂದ 4.5, ಗರ್ಭಜಲದ್ದು 7.1ರಿಂದ 7.3. ಹಳದಿಯ ನೈಟ್ರಜೀನ್ ಕಾಗದ ಗರ್ಭಜಲ ಸೋಕಿದೊಡನೆ ನೀಲಿಯಾಗುವುದು ಈ ಅಂತರದಿಂದಲೇ. ಆದರೆ ರಕ್ತ, ವೀರ್ಯ, ಕೆಲವು ಯೋನಿಸೋಂಕುಗಳೂ ಅದನ್ನು ನೀಲಿಯಾಗಿಸಬಲ್ಲವು. ನೀಲಿ ಕಂಡೊಡನೆ ತೀರ್ಪು ಬರೆಯುವವರು ಬಡ ಕಾಗದದ ಮೇಲೆ ಅದರ ಶಕ್ತಿಗೆ ಮೀರಿದ ಹೊರೆ ಹೊರಿಸುತ್ತಾರೆ. ದ್ರವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಹತ್ತು ನಿಮಿಷ ಗಾಳಿಯಲ್ಲಿ ಆರಲು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು ಇನ್ನೊಂದು ಕ್ರಮ. ಗರ್ಭಜಲವಾಗಿದ್ದರೆ ಉಪ್ಪಿನ ಹರಳುಗಳು ಜರಿಗಿಡದ ಎಲೆಯಂತೆ ನವುರಾಗಿ ಕವಲೊಡೆದಿರುತ್ತವೆ. ಗರ್ಭಕಂಠದ ಲೋಳೆಯೂ ಇಂಥದೇ, ಆದರೆ ಒರಟಾದ, ಆಕೃತಿಯನ್ನು ತೋರಬಲ್ಲದು. ಆದುದರಿಂದ ಮಾದರಿಯನ್ನು ಹಿಂಭಾಗದ ಕುಳಿಯಿಂದಲೇ ತೆಗೆಯಬೇಕು.

ಅಲ್ಟ್ರಾಸೌಂಡಿನಲ್ಲಿ ಗರ್ಭಜಲ ಕಡಿಮೆಯೆಂದು ಕಂಡರೆ ಅನುಮಾನಕ್ಕೆ ಬಲ ಬರುತ್ತದೆ, ಅಷ್ಟೆ; ಸಾಕಷ್ಟು ಕಂಡ ಮಾತ್ರಕ್ಕೆ ಪೊರೆ ಅಖಂಡವೆನ್ನಲಾಗದು. ಪಿಎಎಂಜಿ-1 ಮೊದಲಾದ ಪ್ರೋಟೀನುಗಳನ್ನು ಗುರುತಿಸುವ ಪರೀಕ್ಷಾಪಟ್ಟಿಗಳೂ ಈಗ ದೊರೆಯುತ್ತವೆ. ಮೇಲಿನ ಪರೀಕ್ಷೆಗಳು ಒಂದಕ್ಕೊಂದು ಒಪ್ಪದಿರುವಾಗ ಅವನ್ನು ಬಳಸಬಹುದು, ಅವೂ ತಪ್ಪದಿರುವಂಥವಲ್ಲ. ಯಾವುದರಿಂದಲೂ ಬಗೆಹರಿಯದಿದ್ದಲ್ಲಿ, ಹೊಟ್ಟೆಯ ಮೂಲಕ ಸೂಜಿಯಿಂದ ಇಂಡಿಗೋ ಕಾರ್ಮೈನ್ ಬಣ್ಣವನ್ನು ಗರ್ಭಜಲಕ್ಕೆ ಸೇರಿಸಿ, ಯೋನಿಯಲ್ಲಿರಿಸಿದ ಬಟ್ಟೆ ನೀಲಿಯಾಗುವುದೋ ಎಂದು ನೋಡುವುದುಂಟು. ಇದಕ್ಕೆ ಬದಲಾಗಿ ಮೆಥಿಲೀನ್ ಬ್ಲೂ ಬಳಸಕೂಡದು. ಅದರಿಂದ ಶಿಶುವಿನ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ.